ಓನರ್ ಕಡೆಗೇ ಉರುಳುವ ಸೊನ್ನೆ

ಸೊರಬ ತಾಲ್ಲೂಕಿನ ಕ್ಯಾಸನೂರು ತನ್ನ ಹೆಸರನ್ನು ಬಾಡಿಗೆಗೆ ಕೊಟ್ಟು ಏಳು ದಶಕ ಮುಟ್ಟುತ್ತ ಬಂತು. ಬಾಡಿಗೆಗೆ ಬಂದದ್ದು ಒಂದು ವೈರಸ್ಸು. 1957ರಲ್ಲಿ ಅಲ್ಲಿನ ಕಾಡಿನಲ್ಲಿ ಮಂಗಗಳು ಒಂದರ ಹಿಂದೊಂದು ಸತ್ತು ಬಿದ್ದವು. ಸೌದೆಗೆ, ಸೊಪ್ಪಿಗೆ ಎಂದು ಕಾಡು ಹೊಕ್ಕವರು ಜ್ವರ ಬಂದು ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಬಂದು, ಹಳದಿ ಜ್ವರವೇ ಇರಬಹುದೇನೋ ಎಂದು ಮೊದಲು ಗಾಬರಿಬಿದ್ದು, ಆಮೇಲೆ ಇದು ಉಣುಗಿನಿಂದ ಹರಡುವ ಬೇರೆಯದೇ ವೈರಸ್ಸೆಂದು ಪತ್ತೆಮಾಡಿ, ಹೋಗುವಾಗ ಅದಕ್ಕೆ ಊರಿನ ಹೆಸರನ್ನೇ ಇಟ್ಟು ಹೋದರು. ಅಡ್ವಾನ್ಸ್ ಇಲ್ಲ, ಕರಾರು ಪತ್ರ ಇಲ್ಲ, ಅವಧಿಯೂ ಇಲ್ಲ. ಮಲೆನಾಡಿನವರು ಇವತ್ತಿಗೂ ‘ಮಂಗನ ಕಾಯಿಲೆ’ ಎಂದೇ ಕರೆಯುತ್ತಾರೆ. ‘ಕ್ಯಾಸನೂರು’ ಎನ್ನುವವರು ಆ ಊರಿನ ದಿಕ್ಕೂ ಗೊತ್ತಿಲ್ಲದ ವೈದ್ಯಕೀಯ ಪುಸ್ತಕದವರು. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಹೊಸ ಕಾಯಿಲೆಗಳಿಗೆ ಇನ್ನು ಊರಿನ ಹೆಸರಿಡಬೇಡಿ ಎಂದು ಬುದ್ಧಿ ಹೇಳಿತು. ಹೊಸ ಕಾಯಿಲೆಗಳಿಗೆ ಮಾತ್ರ. ಹಳೇ ಬಾಡಿಗೆದಾರರನ್ನು ಎಬ್ಬಿಸುವ ಮಾತು ಅದರಲ್ಲಿಲ್ಲ.

ಅದೇ 1957ನೇ ಇಸವಿಯ ಇನ್ನೊಂದು ಕೂಸು ನಮ್ಮ ಸ್ಟಾಂಪ್ ಕಾಯ್ದೆ. ಆಗ ಮೈಸೂರಿನದು, ಈಗ ಕರ್ನಾಟಕದ್ದು. ಮಂಗನ ಕಾಯಿಲೆ ಚಳಿಗಾಲ ಮುಗಿಯುವಾಗ ಜೋರಾಗಿ, ಮಳೆ ಹಿಡಿದ ಮೇಲೆ ಅಡಗುತ್ತದೆ. ಛಾಪಾ ಕಾಗದದ ಕಾಯಿಲೆಗೆ ಮಳೆ ಬಿಸಿಲಿನ ಹಂಗಿಲ್ಲ. ಅದು ಹನ್ನೊಂದು ತಿಂಗಳಿಗೊಮ್ಮೆ ಮರುಕಳಿಸುತ್ತದೆ. ಅದು ಹಿಡಿಯುವುದು ಬಾಡಿಗೆ ಮನೆಯಲ್ಲಿರುವವರಿಗೆ. ಮನೆ ಕಟ್ಟಿಸಿದವರಿಗೆ ಹುಟ್ಟಾ ರೋಗನಿರೋಧಕ ಶಕ್ತಿ ಇರುವಂತಿದೆ.

ಹನ್ನೊಂದೇ ತಿಂಗಳು ಯಾಕೆ ಎಂದು ಕೇಳಿದರೆ ಪ್ರತಿಯೊಬ್ಬರೂ ‘ಅದು ರೂಲ್ಸು’ ಎನ್ನುತ್ತಾರೆ. ರೂಲ್ಸಲ್ಲ, ರೂಲ್ಸಿನ ಬೇಲಿಯಲ್ಲಿ ನುಸುಳುವ ಕಂಡಿ. 1908ರ ನೋಂದಣಿ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಒಂದು ವರ್ಷ ಮೀರಿದ ಗುತ್ತಿಗೆಯನ್ನು ಕಡ್ಡಾಯವಾಗಿ ನೋಂದಾಯಿಸಬೇಕು. ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಬೇಕು, ಶುಲ್ಕ ಕಟ್ಟಬೇಕು, ಹೆಬ್ಬೆಟ್ಟು ಒತ್ತಬೇಕು, ಎಲ್ಲಕ್ಕಿಂತ ಮುಖ್ಯವಾಗಿ ನಿಜವಾದ ಬಾಡಿಗೆ ಎಷ್ಟೆಂದು ಸರ್ಕಾರದ ಎದುರು ಹೇಳಬೇಕು. ಆದ್ದರಿಂದ ಒಂದು ತಿಂಗಳು ಕಡಿಮೆ. ನೂರು ವರ್ಷ ದಾಟಿದ ಕಾನೂನನ್ನು ಒಂದು ತಿಂಗಳು ಮೋಟು ಮಾಡಿ ತಪ್ಪಿಸಿಕೊಳ್ಳುವ ಈ ಉಪಾಯ ಬೆಂಗಳೂರಿನ ಸಾಫ್ಟ್‌ವೇರ್ ಎಂಜಿನಿಯರಿಗೂ ಒಂದೇ, ಸೊರಬದ ಮೇಷ್ಟ್ರಿಗೂ ಒಂದೇ. ಕನ್ನಡ ನಾಡಿನ ಏಕೀಕರಣ ನಿಜಕ್ಕೂ ಆಗಿರುವುದು ಈ ಒಂದು ವಿಷಯದಲ್ಲಿ.

ಮೇಷ್ಟ್ರು ಎಂದೆನಲ್ಲ, ಅವರನ್ನೇ ಹಿಡಿಯೋಣ. ಹೆಸರು ಬೇಡ, ಇಂಥವರು ತಾಲ್ಲೂಕಿಗೆ ಹತ್ತಿಪ್ಪತ್ತು ಜನ ಸಿಗುತ್ತಾರೆ. ಕ್ಯಾಸನೂರಿನ ಕಡೆಯ ಒಂದು ಶಾಲೆಗೆ ವರ್ಗವಾಗಿ ಬಂದವರು, ಹಳ್ಳಿಯಲ್ಲಿ ಬಾಡಿಗೆ ಮನೆ ಸಿಗದೆ ಸೊರಬದಲ್ಲಿ ಮನೆ ಹಿಡಿದು ಬೈಕಿನಲ್ಲಿ ಓಡಾಡುತ್ತಾರೆ. ಬಾಡಿಗೆ 6,500 ರೂಪಾಯಿ, ಅಡ್ವಾನ್ಸು 50,000, ಖಾಲಿ ಮಾಡುವಾಗ ಸುಣ್ಣ ಬಣ್ಣದ ಬಾಬ್ತು 5,000 ಮುರಿದುಕೊಳ್ಳುವುದು. ಮೊದಲ ಹನ್ನೊಂದು ತಿಂಗಳು ಸುಖವಾಗಿ ಕಳೆಯಿತು. ನವೀಕರಣದ ದಿನ ಬಂತು. ಶೇಕಡಾ ಹತ್ತು ಏರಿಸಿ 7,150 ಎಂದಾಯಿತು. ಈ ಗುಣಾಕಾರದಲ್ಲಿ ಯಾರೂ ತಪ್ಪಲಿಲ್ಲ. ನಾನು ಕಂಡ ಮಟ್ಟಿಗೆ ಶೇಕಡಾ ಹತ್ತರ ಲೆಕ್ಕದಲ್ಲಿ ಯಾವ ಓನರೂ ಯಾವತ್ತೂ ತಪ್ಪಿದ್ದಿಲ್ಲ.

ಅಗ್ರಿಮೆಂಟು ತಯಾರಾಗುವುದು ತಾಲ್ಲೂಕು ಕಚೇರಿಯ ಎದುರಿನ ಟೈಪಿಂಗ್ ಅಂಗಡಿಯಲ್ಲಿ. ಒಂದು ಕಂಪ್ಯೂಟರು, ಒಂದು ಝೆರಾಕ್ಸ್ ಮಷಿನ್ನು, ನುಡಿ ತಂತ್ರಾಂಶ, ಅದರೊಳಗೆ ಒಂದೇ ಒಂದು ಕರಾರು ಪತ್ರ. ತಾಲ್ಲೂಕಿನ ಎಲ್ಲ ಬಾಡಿಗೆದಾರರೂ ಆ ಒಂದೇ ಪತ್ರದ ಅವತಾರಗಳು. ಹುಡುಗ ಹಳೇ ಫೈಲು ತೆರೆಯುತ್ತಾನೆ, ಹಳೇ ಹೆಸರಿನ ಜಾಗದಲ್ಲಿ ಹೊಸ ಹೆಸರು ತುಂಬುತ್ತಾನೆ, ಇ-ಸ್ಟಾಂಪಿನ ಕಾಗದದ ಮೇಲೆ ಪ್ರಿಂಟ್ ಒತ್ತುತ್ತಾನೆ. ‘ಈ ಪತ್ರವನ್ನು ಓದಿ ತಿಳಿದು, ಸ್ವಸಂತೋಷದಿಂದ, ಯಾರ ಒತ್ತಾಯವೂ ಇಲ್ಲದೆ ಒಪ್ಪಿ ರುಜು ಮಾಡಿರುತ್ತೇವೆ’ ಎಂಬ ಕೊನೆಯ ಸಾಲನ್ನು ಓದದೆಯೇ ಇಬ್ಬರೂ ರುಜು ಮಾಡುತ್ತಾರೆ. ಝೆರಾಕ್ಸ್ ಮಾಡಿಸಲು ಬಂದಿದ್ದ ಇಬ್ಬರು ಅಪರಿಚಿತರು ಸಾಕ್ಷಿ ಹಾಕುತ್ತಾರೆ. ಅವರು ಯಾತಕ್ಕೆ ಸಾಕ್ಷಿ ಎಂದರೆ, ಯಾರೂ ಓದಲಿಲ್ಲ ಎಂಬುದಕ್ಕೆ.

ಹದಿನೇಳನೇ ಶತಮಾನದಲ್ಲಿ ಇದೇ ಸೀಮೆಯನ್ನು ಆಳಿದ ಕೆಳದಿಯ ಶಿವಪ್ಪ ನಾಯಕ, ಗದ್ದೆ ತೋಟಗಳ ಕಂದಾಯ ಗೊತ್ತುಮಾಡುವ ಮೊದಲು ಒಂದೊಂದು ಬಗೆಯ ಮಣ್ಣಿನಲ್ಲೂ ಹನ್ನೆರಡು ವರ್ಷ ಬೆಳೆ ತೆಗೆಸಿ, ಹುಟ್ಟುವಳಿ ಬರೆಸಿ, ಸರಾಸರಿ ನೋಡಿದನಂತೆ. ‘ಶಿವಪ್ಪ ನಾಯಕನ ಶಿಸ್ತು’ ಎಂದು ಇವತ್ತಿಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಅವನ ಶಿಸ್ತಿನ ಸೀಮೆಯಲ್ಲಿ ಈಗ ಕರಾರು ಪತ್ರ ಹನ್ನೆರಡು ನಿಮಿಷಕ್ಕೆ ಆಗುತ್ತದೆ. ಅದರಲ್ಲಿ ಎಂಟು ನಿಮಿಷ ಕರೆಂಟು ಬರಲಿ ಎಂದು ಕಾಯುವುದು.

ಮೇಷ್ಟ್ರು ರಾತ್ರಿ ಊಟವಾದ ಮೇಲೆ ಪತ್ರವನ್ನು ಓದಿದರು. ಓದಬಾರದಿತ್ತು. ಆದರೆ ಮೂವತ್ತು ವರ್ಷ ಉತ್ತರ ಪತ್ರಿಕೆ ತಿದ್ದಿದ ಕೈ, ಕೆಂಪು ಪೆನ್ನು ತಾನಾಗಿ ಬಂತು. ಹಿಂದಿನ ಬಾಡಿಗೆದಾರರು ಒಬ್ಬ ನರ್ಸಮ್ಮ. ಅವರ ಹೆಸರು ಹೋಗಿ ಮೇಷ್ಟ್ರ ಹೆಸರು ಬಂದಿತ್ತು, ಅವರ ಗಂಡನ ಹೆಸರು ಹೋಗಿ ಮೇಷ್ಟ್ರ ತಂದೆಯ ಹೆಸರು ಬಂದಿತ್ತು. ನಡುವಿನ ‘ಕೋಂ’ ಮಾತ್ರ ಹಾಗೇ ಉಳಿದು, ‘ಬಿನ್’ ಆಗಬೇಕಾದ ಮೇಷ್ಟ್ರು ತಮ್ಮ ಸ್ವಂತ ತಂದೆಯ ಧರ್ಮಪತ್ನಿಯಾಗಿದ್ದರು. ಅವಧಿಯ ಕಲಂ ನೋಡಿದರೆ, ಕರಾರು 01-06-2025ರಿಂದ ಜಾರಿಗೆ ಬಂದು 30-04-2025ಕ್ಕೆ ಮುಕ್ತಾಯವಾಗತಕ್ಕದ್ದು. ಹುಟ್ಟುವ ಮೊದಲೇ ಸತ್ತ ಕರಾರು. ಚಕ್ಕುಬಂದಿಯಲ್ಲಿ ಉತ್ತರಕ್ಕೆ ಹಲಸಿನ ಮರ. ಆ ಮರ ಯಾವುದೋ ಮಳೆಗಾಲದಲ್ಲಿ ಬಿದ್ದು, ಸೀಳಿ, ಸೌದೆಯಾಗಿ ಬಚ್ಚಲೊಲೆಗೂ ಹೋಗಿತ್ತು. ಇಷ್ಟರವರೆಗೆ ಮೇಷ್ಟ್ರು ನಗುತ್ತಲೇ ಇದ್ದರು. ಆಮೇಲೆ ನಾಲ್ಕನೇ ಕಲಂ ಬಂತು: ‘ಒಂದನೇ ಪಾರ್ಟಿಯವರಲ್ಲಿ ಎರಡನೇ ಪಾರ್ಟಿಯವರು ಇಟ್ಟಿರುವ ಅಡ್ವಾನ್ಸು ರೂ. 5,000 (ಐದು ಸಾವಿರ ರೂಪಾಯಿಗಳು ಮಾತ್ರ)’.

‘ಮಾತ್ರ’ ಎಂಬುದು ಸತ್ಯವನ್ನೇ ಹೇಳುತ್ತಿತ್ತು. ಒಂದು ಸೊನ್ನೆ ಮಾತ್ರ ಇರಲಿಲ್ಲ.

ಅಂಕಿ ತಪ್ಪಿದ್ದರೆ ಅಕ್ಷರ ಕಾಪಾಡುತ್ತಿತ್ತು. ಚೆಕ್ಕಿನಲ್ಲಿ ಅಂಕಿ ಒಂದು, ಅಕ್ಷರ ಇನ್ನೊಂದು ಇದ್ದರೆ ಅಕ್ಷರದ್ದೇ ಮಾತು ಎಂದು 1881ರ ವರ್ಗಾವಣೀಯ ಪತ್ರಗಳ ಕಾಯ್ದೆಯೇ ಹೇಳುತ್ತದೆ. ಉಳಿದ ಪತ್ರಗಳಲ್ಲೂ ವಕೀಲರು ಅದೇ ಧಾಟಿಯಲ್ಲಿ ವಾದ ಹೂಡುತ್ತಾರೆ. ಇಲ್ಲಿ ಹುಡುಗ ಬಹಳ ನಿಯತ್ತಿನವನು, ತಪ್ಪನ್ನು ಅಂಕಿಯಲ್ಲೂ ಅಕ್ಷರದಲ್ಲೂ ಒಂದೇ ರೀತಿ ಮಾಡಿದ್ದ.

ಬೆಳಿಗ್ಗೆ ಮೇಷ್ಟ್ರು ಓನರ್ ಮನೆಗೆ ಹೋದರು. ಓನರು ಕೆಟ್ಟವರಲ್ಲ. ಅಡಿಕೆ ಸುಲಿಯುವ ಕಾಲದಲ್ಲಿ ಒಂದು ಕೈಚೀಲ ಬಾಳೆಕಾಯಿ ಕಳಿಸಿಕೊಡುವವರು, ಮಗುವಿಗೆ ಜ್ವರ ಬಂದಾಗ ಕಾರು ತೆಗೆದವರು. ಕಾಫಿ ಬಂತು. ಕಾಗದವನ್ನು ಕಣ್ಣಿಗೆ ಹತ್ತಿರ ಹಿಡಿದು, ದೂರ ಹಿಡಿದು ನೋಡಿದರು.

“ಹೌದಲ್ಲ ಮೇಷ್ಟ್ರೇ. ಹುಡುಗನ ಕೈತಪ್ಪು.”

“ಅದಕ್ಕೇ ಯಜಮಾನ್ರೇ, ಒಂದು ಸಲ ತಿದ್ದಿಸಿಬಿಡೋಣ ಅಂತ...”

“ಎಂತ ಆಗ್ತದೆ ಬಿಡಿ ಮಾರಾಯ್ರೆ. ನೀವು ಐವತ್ತು ಕೊಟ್ಟಿದ್ದು ನನಗೆ ಗೊತ್ತಿಲ್ವಾ? ಕಾಗದ ಇರೋದು ಲೋಕಕ್ಕೆ. ನಮ್ಮ ನಿಮ್ಮ ನಡುವೆ ಮಾತಿದೆಯಲ್ಲ.”

ಮಾತು ಇರುವಲ್ಲಿ ಕಾಗದ ಯಾಕೆ ಬೇಕಿತ್ತು ಎಂದು ಮೇಷ್ಟ್ರು ಕೇಳಲಿಲ್ಲ. ಬಾಳೆಕಾಯಿ ತಿಂದವರು ಹಾಗೆ ಕೇಳಲು ಬರುವುದಿಲ್ಲ.

ಈಗ ಇದನ್ನೇ ತಿರುಗಿಸಿ ನೋಡಿ. ಅಡ್ವಾನ್ಸಿನ ಬದಲು ಬಾಡಿಗೆಯ ಸೊನ್ನೆ ಬಿದ್ದುಹೋಗಿ 7,150 ಎಂಬುದು 715 ಆಗಿದೆ ಎಂದಿಟ್ಟುಕೊಳ್ಳಿ. ಬೆಳಿಗ್ಗೆಯವರೆಗೆ ಯಾರು ಕಾಯುತ್ತಿದ್ದರು? ಅದೇ ರಾತ್ರಿ ಮುಚ್ಚಿದ ಅಂಗಡಿಯ ಬಾಗಿಲು ತೆಗೆಸಿ, ಹುಡುಗನನ್ನು ಊಟದ ಎಲೆಯಿಂದ ಎಬ್ಬಿಸಿ, ಹೊಸ ಕಾಗದ ಆಗುತ್ತಿತ್ತು. ಆಗ ಮಾತು ಎಂಬುದಕ್ಕೆ ಕವಡೆ ಕಿಮ್ಮತ್ತಿರುತ್ತಿರಲಿಲ್ಲ. “ವ್ಯವಹಾರ ಅಂದಮೇಲೆ ಕಾಗದ ಸರಿಯಿರಬೇಕು ಮೇಷ್ಟ್ರೇ, ನಾಳೆ ನಾನಿಲ್ಲ, ನೀವಿಲ್ಲ” ಎಂಬ ವೇದಾಂತವೂ ಬರುತ್ತಿತ್ತು. ಮನುಷ್ಯ ನಶ್ವರ ಎಂಬ ಅರಿವು ನಮ್ಮ ಓನರುಗಳಿಗೆ ಬಾಡಿಗೆಯ ಕಲಮಿನಲ್ಲಿ ಆಗುತ್ತದೆ, ಅಡ್ವಾನ್ಸಿನ ಕಲಮಿನಲ್ಲಿ ಆಗುವುದಿಲ್ಲ.

ತಪ್ಪು ಕುರುಡು ಎನ್ನುತ್ತಾರೆ. ಇದಕ್ಕಿಂತ ದೊಡ್ಡ ಸುಳ್ಳಿಲ್ಲ. ತಪ್ಪಿಗೆ ಕಣ್ಣಿದೆ, ತಿಜೋರಿ ಯಾರ ಮನೆಯಲ್ಲಿದೆ ಎಂದು ನೋಡಿಕೊಂಡೇ ಅದು ನಡೆಯುತ್ತದೆ.

ಈ ಸೀಮೆಗೆ ಇದು ಹೊಸ ಪಾಠವೇನಲ್ಲ. ಪಕ್ಕದ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರ ಏಪ್ರಿಲ್ 18ರಂದು ಗೇಣಿದಾರರು ಸತ್ಯಾಗ್ರಹ ಶುರುಮಾಡಿದ್ದು ಯಾವುದರ ಮೇಲೆ? ಕೊಳಗದ ಮೇಲೆ. ಗೇಣಿ ಭತ್ತ ಅಳೆಯಲು ಒಡೆಯರ ಕಣದಲ್ಲಿ ಇಡುತ್ತಿದ್ದ ಕೊಳಗ ಸರ್ಕಾರದ ಅಳತೆಗಿಂತ ದೊಡ್ಡದಿತ್ತು. ಯಾವತ್ತೋ ಬಡಿಗನೊಬ್ಬನ ಕೈತಪ್ಪಿ ದೊಡ್ಡದಾಗಿರಬಹುದು, ಪಾಪ. ಆದರೆ ಆ ಕೈತಪ್ಪು ತಲೆಮಾರುಗಟ್ಟಲೆ ತನ್ನ ಗಾತ್ರ ಕಾಪಾಡಿಕೊಂಡು ಬಂತು. ಕೈತಪ್ಪಿ ಚಿಕ್ಕದಾದ ಕೊಳಗವೊಂದು ಯಾವ ಒಡೆಯರ ಕಣದಲ್ಲೂ ಒಂದು ಸುಗ್ಗಿ ಬಾಳಿದ ದಾಖಲೆ ಇಲ್ಲ. ದೀವರ ಕುಲದ ಗೇಣಿದಾರರನ್ನು ಎಚ್. ಗಣಪತಿಯಪ್ಪ ಸಂಘಟಿಸಿದರು, ಶಾಂತವೇರಿ ಗೋಪಾಲಗೌಡರು ಸಮಾಜವಾದಿ ಪಕ್ಷವನ್ನು ಬೆನ್ನಿಗೆ ತಂದರು, ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಉತ್ತರದಿಂದ ಬಂದು ಬಂಧನಕ್ಕೊಳಗಾದರು. ಅಳತೆ ಸರಿಯಾಗಿರಲಿ ಎನ್ನುವುದಕ್ಕೆ ಜೈಲು. ಅಳತೆ ತಪ್ಪಾಗಿರಲಿ ಎನ್ನುವುದಕ್ಕೆ ಪೊಲೀಸ್ ಬಂದೋಬಸ್ತು.

ಆಮೇಲೆ ದೇವರಾಜ ಅರಸರ ಕಾಲ ಬಂತು. 1974ರ ಮಾರ್ಚ್ 1ರಿಂದ ಗೇಣಿ ಜಮೀನೆಲ್ಲ ಸರ್ಕಾರದ ವಶ, ಉಳುವವನೇ ಒಡೆಯ, ಫಾರಂ ನಂಬರ್ 7 ಹಾಕಿ ಭೂನ್ಯಾಯ ಮಂಡಳಿಯ ಮುಂದೆ ನಿಲ್ಲಿ ಎಂದಾಯಿತು. ನಿಂತವರಿಗೆ ಗೊತ್ತಾದದ್ದು ಗೇಣಿಯೆಲ್ಲ ಬಾಯಿಮಾತಿನದು, ಕಾಗದವೇ ಇಲ್ಲ ಎಂಬುದು. ಪಹಣಿಯ 12ನೇ ಕಾಲಮ್ಮಿನಲ್ಲಿ ಸಾಗುವಳಿದಾರನ ಹೆಸರು ಇದ್ದರೆ ಬದುಕಿದ. ಒಡೆಯರ ಹೆಸರೇ ಇದ್ದರೆ ಕೈತಪ್ಪು, ಏನೂ ಮಾಡುವಂತಿಲ್ಲ. ಆ ಕಾಲಮ್ಮಿನಲ್ಲೂ ಸೊನ್ನೆ ಉರುಳಿದ ದಿಕ್ಕು ಯಾವುದೆಂದು ಮತ್ತೆ ಹೇಳಬೇಕಿಲ್ಲ.

ಆದರೂ ಲಕ್ಷಾಂತರ ಜನ ಗೆದ್ದರು. ಆ ಗೆಲುವಿನ ನಡುಕ ಮಲೆನಾಡಿನ ಮನೆ ಓನರುಗಳ ಎದೆಯಿಂದ ಇನ್ನೂ ಹೋಗಿಲ್ಲ. ಉಳುವವನೇ ಹೊಲದೊಡೆಯನಾದ ಮೇಲೆ, ಇರುವವನೇ ಮನೆಯೊಡೆಯನಾಗಿಬಿಟ್ಟರೆ? ಬಾಡಿಗೆದಾರ ಹನ್ನೆರಡು ವರ್ಷ ಕೂತರೆ ಮನೆ ಅವನದೇ ಎಂದು ಯಾರೋ ಬಸ್‌ಸ್ಟ್ಯಾಂಡಿನಲ್ಲಿ ಹೇಳಿರುತ್ತಾರೆ. ಬಾಡಿಗೆ ಕೊಟ್ಟುಕೊಂಡು ಇರುವವನಿಗೆ ಪ್ರತಿಕೂಲ ಸ್ವಾಧೀನದ ಹಕ್ಕು ಹುಟ್ಟುವುದಿಲ್ಲ ಎಂಬುದನ್ನು ಬಸ್‌ಸ್ಟ್ಯಾಂಡಿನಲ್ಲಿ ಯಾರೂ ಹೇಳಿರುವುದಿಲ್ಲ. ಹೀಗಾಗಿ ಹನ್ನೊಂದು ತಿಂಗಳು ಎಂಬುದು ನೋಂದಣಿ ಶುಲ್ಕ ಉಳಿಸುವ ಜಾಣತನ ಎಷ್ಟೋ, ಫಾರಂ ನಂಬರ್ 7ರ ಭೂತಕ್ಕೆ ಕಟ್ಟಿಸಿದ ತಾಯತವೂ ಅಷ್ಟೇ. ಎರಡು ಸಲ ನವೀಕರಣ ಮಾಡಿದ ಓನರು ಮೂರನೇ ಸಲ ಬಾಡಿಗೆದಾರನ ಮುಖ ನೋಡುವ ರೀತಿಯೇ ಬೇರೆ.

ಕಾನೂನು ಬಡವರ ಪರ ಇದೆಯಲ್ಲ ಎನ್ನುವವರು ಇರುತ್ತಾರೆ. ಇದೆ. ಕರ್ನಾಟಕ ಬಾಡಿಗೆ ಕಾಯ್ದೆ, 1999. ಅದರ ರಕ್ಷಣೆ ಬೇಕಾದರೆ ದೊಡ್ಡ ಊರುಗಳಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ಮೀರಬಾರದು, ಕಾಯ್ದೆಯ ಪಟ್ಟಿಯಲ್ಲಿರುವ ಉಳಿದ ಊರುಗಳಲ್ಲಿ 2,000 ಮೀರಬಾರದು. ಎರಡು ಸಾವಿರಕ್ಕೆ ಈಗ ಹಿತ್ತಲ ಕೊಟ್ಟಿಗೆಯೂ ಸಿಗುವುದಿಲ್ಲ. ಸಿಕ್ಕರೆ ಅದರಲ್ಲಿ ಕಟ್ಟಿದ ಎಮ್ಮೆಗೆ ಕಾಯ್ದೆಯ ಪೂರ್ತಿ ರಕ್ಷಣೆ ಉಂಟು.

ಮೇಷ್ಟ್ರು ವಕೀಲರೊಬ್ಬರನ್ನು ಕೇಳಿದರು. ವಕೀಲರು ಕನ್ನಡಕ ಹಾಕಿಕೊಂಡು 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 26ನೇ ಸೆಕ್ಷನ್ ತೆಗೆದರು. ಪತ್ರ ತಪ್ಪಾಗಿದ್ದರೆ ತಿದ್ದಿಸಿಕೊಡಿ ಎಂದು ದಾವೆ ಹಾಕಬಹುದು. ಆದರೆ ಒಂದೋ ಮೋಸ ನಡೆದಿರಬೇಕು, ಇಲ್ಲವೇ ಎರಡೂ ಪಾರ್ಟಿಗಳು ಒಟ್ಟಿಗೆ ತಪ್ಪಿರಬೇಕು. ಮೋಸ ಎಂದರೆ ಬಾಳೆಕಾಯಿಗೆ ಅವಮಾನ. ಒಟ್ಟಿಗೆ ತಪ್ಪಿದ್ದೇವೆ ಎಂದರೆ ಓನರು ಒಪ್ಪಬೇಕು, “ನನಗೆಂತ ತಪ್ಪಾಗಿಲ್ಲ” ಎನ್ನುವವರ ಜೊತೆ ಒಟ್ಟಿಗೆ ತಪ್ಪುವುದು ಹೇಗೆ? ದಾಂಪತ್ಯಕ್ಕಿಂತ ಹೆಚ್ಚಿನ ಹೊಂದಾಣಿಕೆ ಬೇಡುವ ಸೆಕ್ಷನ್ನು ಅದು.

ಸರಿ, ಕೋರ್ಟಿಗೇ ಹೋದರು ಎನ್ನಿ. ಬಾಡಿಗೆ, ಅಡ್ವಾನ್ಸು ಎಲ್ಲ ಲೆಕ್ಕ ಹಾಕಿ ಮುದ್ರಾಂಕ ಶುಲ್ಕ ಕಟ್ಟಬೇಕೆಂಬುದು ಕಾನೂನು. ನೂರು ರೂಪಾಯಿಯ ಕಾಗದ ಎಂಬುದು ರೂಢಿ. ಶುಲ್ಕ ಕಡಿಮೆ ಬಿದ್ದ ಪತ್ರವನ್ನು ಸಾಕ್ಷ್ಯವಾಗಿ ಹಾಜರುಪಡಿಸಲು ಹೋದರೆ ಸ್ಟಾಂಪ್ ಕಾಯ್ದೆಯ 34ನೇ ಸೆಕ್ಷನ್ ಅಡ್ಡ ಬರುತ್ತದೆ: ಬಾಕಿ ಶುಲ್ಕ ಕಟ್ಟಿ, ಅದರ ಹತ್ತು ಪಟ್ಟು ದಂಡವನ್ನೂ ಕಟ್ಟಿ, ಆಮೇಲೆ ಒಳಗೆ ಬನ್ನಿ. ಸೊನ್ನೆ ಕಳೆದುಕೊಂಡವನು ಅದನ್ನು ಹುಡುಕಲು ಹೋದರೆ ಸರ್ಕಾರ ಇನ್ನೊಂದು ಸೊನ್ನೆ ಸೇರಿಸಿ ಕೇಳುತ್ತದೆ. ಸೊನ್ನೆ ಸೇರಿಸುವ ವಿದ್ಯೆ ಬೊಕ್ಕಸಕ್ಕೂ ಚೆನ್ನಾಗಿ ಗೊತ್ತು.

ಛಾಪಾ ಕಾಗದ ಎಂದ ಕೂಡಲೆ ಖಾನಾಪುರದ ಅಬ್ದುಲ್ ಕರೀಂ ತೆಲಗಿ ನೆನಪಾಗದಿದ್ದರೆ ಕನ್ನಡಿಗರೇ ಅಲ್ಲ. ನಕಲಿ ಛಾಪಾ ಕಾಗದವನ್ನು ದೇಶಕ್ಕೆಲ್ಲ ಮಾರಿ 2001ರಲ್ಲಿ ಅಜ್ಮೇರಿನಲ್ಲಿ ಸಿಕ್ಕಿಬಿದ್ದ. ಅವನ ದೆಸೆಯಿಂದ ಹಳೇ ಛಾಪಾ ಕಾಗದ ಹೋಗಿ ಇ-ಸ್ಟಾಂಪು ಬಂತು: ಉದ್ದನೆಯ ಪ್ರಮಾಣಪತ್ರ ಸಂಖ್ಯೆ, ಕಂಪ್ಯೂಟರಿನಲ್ಲಿ ತಾಳೆ ನೋಡುವ ಸೌಲಭ್ಯ, ಎಲ್ಲ ಉಂಟು. ಈಗ ಕಾಗದ ಅಸಲಿ ಎಂಬುದರಲ್ಲಿ ಎಳ್ಳಷ್ಟೂ ಸಂಶಯವಿಲ್ಲ. ತೆಲಗಿಯ ಕಾಲದಲ್ಲಿ ನಕಲಿ ಕಾಗದದ ಮೇಲೆ ಜನ ನಿಜವಾದ ವ್ಯವಹಾರ ಬರೆಯುತ್ತಿದ್ದರು. ಈಗ ಅಸಲಿ ಕಾಗದದ ಮೇಲೆ ಏನು ಬರೆಯುತ್ತಿದ್ದೇವೆ ಎಂಬುದನ್ನು ತಾಳೆ ನೋಡುವ ಕಂಪ್ಯೂಟರು ಇನ್ನೂ ಬಂದಿಲ್ಲ.

ಇದೇ ಸೊರಬ, ಶಿಕಾರಿಪುರದ ಊರೂರಲ್ಲಿ ಕಲ್ಲಿನ ದಾನಶಾಸನಗಳು ನಿಂತಿವೆ. ಬಿ.ಎಲ್. ರೈಸ್ ಅವನ್ನೆಲ್ಲ ಓದಿಸಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಏಳು ಎಂಟನೇ ಸಂಪುಟಗಳಲ್ಲಿ ತುಂಬಿದ. ತಾಳಗುಂದದ ಕಂಬದ ಮೇಲೆ ಕದಂಬರ ವಂಶದ ಕಥೆಯೇ ಇದೆ. ಆ ಕಾಲದ ಪತ್ರ ಬರಹಗಾರನಿಗೆ ಒಂದು ಅನುಕೂಲವಿತ್ತು. ಕಲ್ಲು ಕೆತ್ತುವವನು ಹಳೇ ಕಲ್ಲಿನ ಹೆಸರು ಅಳಿಸಿ ಹೊಸ ಹೆಸರು ತುಂಬಲು ಆಗುತ್ತಿರಲಿಲ್ಲ. ದಂಡದ ಕಲಮ್ಮೂ ಗಟ್ಟಿ: ಕೊಟ್ಟ ಭೂಮಿ ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುತ್ತಾನೆ. ಇದಕ್ಕೆ ಹೋಲಿಸಿದರೆ ‘ಮುಂಗಡವಾಗಿ ಎರಡು ತಿಂಗಳ ನೋಟೀಸು’ ಎಂಬ ನಮ್ಮ ಕಲಂ ಯಾರನ್ನು ಹೆದರಿಸೀತು?

ಮೇಷ್ಟ್ರ ಕಥೆ ಅಡ್ವಾನ್ಸಿಗೇ ನಿಂತಿದ್ದರೆ ಅವರೂ ಸುಮ್ಮನಾಗುತ್ತಿದ್ದರೇನೋ. ಅಷ್ಟರಲ್ಲಿ ಗೃಹಜ್ಯೋತಿಯ ಸರದಿ ಬಂತು. 2023ರ ಜೂನ್‌ನಲ್ಲಿ ನೋಂದಣಿ ಶುರುವಾದ, ತಿಂಗಳಿಗೆ 200 ಯೂನಿಟ್‌ವರೆಗೆ ಬಿಟ್ಟಿ ವಿದ್ಯುತ್ತಿನ ಯೋಜನೆ. ಬಾಡಿಗೆದಾರರಿಗೂ ಉಂಟು, ಆಧಾರ್ ಜೋಡಿಸಬೇಕು ಅಷ್ಟೆ. ಮನೆ ಬದಲಿಸಿದವರು ಹಳೇ ಮೀಟರಿನಿಂದ ಆಧಾರ್ ಬಿಡಿಸಿ ಹೊಸದಕ್ಕೆ ಜೋಡಿಸುವ ವ್ಯವಸ್ಥೆಯನ್ನೂ ಆಮೇಲೆ ಮಾಡಿದರು. ಮೇಷ್ಟ್ರು ಅರ್ಜಿ ಹಾಕುವಾಗ ಅಗ್ರಿಮೆಂಟಿನಲ್ಲಿದ್ದ ವಿದ್ಯುತ್ ಮೀಟರಿನ ಆರ್.ಆರ್. ನಂಬರ್ ನೋಡಿಯೇ ತುಂಬಿದರು. ನಂಬರಿನ ಕೊನೆಯ ಅಂಕಿ ಪಕ್ಕದ ಮನೆಯದು. ಮೂರು ತಿಂಗಳು ಮೇಷ್ಟ್ರ ಆಧಾರಿನ ಬಲದಲ್ಲಿ ಪಕ್ಕದವರ ಗ್ರೈಂಡರು ಸೊನ್ನೆ ಬಿಲ್ಲಿನಲ್ಲಿ ರುಬ್ಬಿತು. ಮೇಷ್ಟ್ರು ಕಟ್ಟುತ್ತಲೇ ಹೋದರು. ಈ ಸೊನ್ನೆಯಾದರೂ ತಮ್ಮ ಕಡೆ ಬರಬಹುದಿತ್ತು ಎಂದು ಅವರಿಗೆ ಅನ್ನಿಸಿದ್ದರೆ ತಪ್ಪಿಲ್ಲ. ಪಕ್ಕದ ಮನೆಯೂ ಓನರದ್ದೇ ಎಂದು ಬೇರೆ ಹೇಳಬೇಕೇ?

ಕೊನೆಗೆ ಅವರಿಗೆ ದಾರಿ ತೋರಿಸಿದವರು ಹಳೇ ಪತ್ರ ಬರಹಗಾರರೊಬ್ಬರು. ‘ಬಿಕ್ಕಲಂ’ ಎಂದು ಬರೆದು ಕೆಳಗೆ ರುಜು ಹಾಕುವ ಪದ್ಧತಿಯವರು. ಅಂದರೆ ಬರೆದದ್ದಕ್ಕೆ ತಾನು ಜವಾಬು ಎಂದು ನಂಬಿದ್ದ, ಈಗ ಕಡಿಮೆಯಾಗುತ್ತಿರುವ ಜಾತಿ. ಅವರು ಎಲೆಯಡಿಕೆ ಉಗಿದು ಬಂದು ಹೇಳಿದರು:

“ಮೇಷ್ಟ್ರೇ, ವೈಟ್ನರ್ ಹಚ್ಚಬೇಡಿ. ನೀವೊಬ್ಬರೇ ತಿದ್ದಬೇಡಿ, ಪತ್ರವೇ ಕೆಟ್ಟುಹೋಗ್ತದೆ. ತಪ್ಪಿಗೆ ಒಂದು ಗೀಟು ಹೊಡೀರಿ, ಕೆಳಗಿನ ಅಕ್ಷರ ಕಾಣ್ತಾ ಇರಬೇಕು. ಪಕ್ಕದಲ್ಲಿ ಸರಿ ಅಂಕಿ ಬರೆದು ಇಬ್ಬರೂ ರುಜು ಹಾಕಿ, ಎರಡೂ ಪ್ರತಿಯಲ್ಲಿ. ಅದು ಬೇಡ ಅಂದ್ರೆ ಬೇರೆ ಸ್ಟಾಂಪಿನ ಮೇಲೆ ಒಂದು ತಿದ್ದುಪಡಿ ಕರಾರು: ಇಂಥ ತಾರೀಕಿನ ಪತ್ರದ ಇಂಥ ಕಲಮಿನಲ್ಲಿ ಹೀಗಿದ್ದದ್ದು ಹೀಗೆ ಆಗತಕ್ಕದ್ದು, ಉಳಿದದ್ದೆಲ್ಲ ಯಥಾಪ್ರಕಾರ. ಅಡ್ವಾನ್ಸ್ ಹೆಂಗೆ ಕೊಟ್ಟಿದ್ರಿ?”

“ಬ್ಯಾಂಕಿನಿಂದಲೇ ಹಾಕಿದ್ದೆ.”

“ಮತ್ತೆ ಅಳೋದ್ಯಾಕೆ? ಪಾಸ್‌ಬುಕ್ ಎಂಟ್ರಿ ಇಟ್ಕೊಳ್ಳಿ. ಯಜಮಾನ್ರಿಗೆ ವಾಟ್ಸಾಪಲ್ಲಿ ನಯವಾಗಿ ಒಂದು ಮಾತು ಬರೆದು ಹಾಕಿ, ಐವತ್ತು ಸಾವಿರ ಅಡ್ವಾನ್ಸು ಐದು ಅಂತ ಟೈಪಾಗಿದೆ, ತಿದ್ದಿಸೋಣ ಅಂತ. ಅವರು ಹ್ಞೂಂ ಅಂದ್ರೂ ಸಾಕ್ಷಿ, ಕೈ ಮುಗಿಯೋ ಚಿತ್ರ ಹಾಕಿದ್ರೂ ಸಾಕ್ಷಿ.”

ಅಗ್ರಿಮೆಂಟು ಹುಟ್ಟುವ ಮೊದಲೇ ಸತ್ತಿದೆಯಲ್ಲ, ನಾಳೆಯೇ ಮನೆ ಬಿಡಿಸಿಬಿಟ್ಟರೆ ಎಂದು ಮೇಷ್ಟ್ರು ಕೇಳಿದರು. ಮುದುಕರು ನಕ್ಕರು. ಅವಧಿ ಮುಗಿದ ಮೇಲೂ ಓನರು ಬಾಡಿಗೆ ತಗೊಳ್ಳುತ್ತಿದ್ದರೆ ಬಾಡಿಗೆದಾರಿಕೆ ತಿಂಗಳಿಂದ ತಿಂಗಳಿಗೆ ಮುಂದುವರಿಯುತ್ತದೆ, ಬಿಡಿಸಬೇಕಾದರೆ ಹದಿನೈದು ದಿನದ ನೋಟೀಸಾದರೂ ಕೊಡಬೇಕು, 1882ರ ಸ್ವತ್ತು ವರ್ಗಾವಣೆ ಕಾಯ್ದೆಯಲ್ಲೇ ಇದೆ ಎಂದರು. ಬ್ರಿಟಿಷರ ಕಾಲದ ಕಾನೂನು ಮೇಷ್ಟ್ರಿಗೆ ನಮ್ಮ ಕಾಲದ ಟೈಪಿಂಗಿಗಿಂತ ಹೆಚ್ಚು ಕರುಣೆ ತೋರಿಸಿತು. ಸ್ವದೇಶಿ ಅಭಿಮಾನಿಗಳು ಕ್ಷಮಿಸಬೇಕು.

ವಾಟ್ಸಾಪು ಹೋಯಿತು. ಎರಡು ನೀಲಿ ಗೆರೆ ಬಂತು, ಉತ್ತರ ಬರಲಿಲ್ಲ. ನಾಲ್ಕನೇ ದಿನ ಓನರು ತಾವೇ ಗೇಟಿನ ಹತ್ತಿರ ಬಂದು, ಸ್ವಲ್ಪ ಬಿಗಿದ ಮುಖದಲ್ಲಿ, “ನೀವು ಹೀಗೆಲ್ಲ ಬರೆದು ಹಾಕಬೇಕಾ ಮೇಷ್ಟ್ರೇ? ನಡೀರಿ, ತಿದ್ದಿಸಿಯೇ ಬಿಡೋಣ” ಎಂದರು. ಆ ವಾರ ಬಾಳೆಕಾಯಿ ಬರಲಿಲ್ಲ. ಸ್ಟಾಂಪಿನ ದುಡ್ಡು ಯಾರು ಕೊಡುವುದು ಎಂಬ ಪ್ರಶ್ನೆ ಎದ್ದು, ತಪ್ಪು ಯಾರಿಗೆ ಕಂಡಿತೋ ಅವರೇ ಕೊಡಬೇಕು ಎಂದು ತೀರ್ಮಾನವಾಯಿತು. ನ್ಯಾಯವೇ. ಕಾಣದಿದ್ದರೆ ಖರ್ಚೇ ಇರಲಿಲ್ಲ.

ಅಂಗಡಿಯಲ್ಲಿ ಮೇಷ್ಟ್ರು ತಿದ್ದುಪಡಿ ಕರಾರಿನ ಮಾತೆತ್ತಿದರು. ಒಂದು ಮನೆಗೆ ಎರಡು ಕಾಗದ ಯಾಕೆ ಎಂದು ಓನರಿಗೆ ಬೇಸರ. ಹುಡುಗ ಇಬ್ಬರನ್ನೂ ಸಮಾಧಾನಪಡಿಸಿದ: “ಎಂತಕ್ಕೆ ಸಾರ್ ತಲೆಬಿಸಿ, ಪೂರ್ತಿ ಹೊಸದೇ ತೆಗೆದುಕೊಡ್ತೀನಿ. ಒಂದೇ ಕ್ಲಿಕ್ಕು.” ‘ಕೋಂ’ ಹೋಗಿ ‘ಬಿನ್’ ಆಯಿತು. ಮುಕ್ತಾಯದ ತಾರೀಕು 30-04-2026 ಆಯಿತು. ಆರ್.ಆರ್. ನಂಬರ್ ಸರಿಯಾಯಿತು. ಹಲಸಿನ ಮರ ಇರಲಿ ಎಂದು ಓನರು ಹೇಳಿದ್ದಕ್ಕೆ ಅದು ಉಳಿಯಿತು. ಕೊನೆಗೆ ‘5,000’ ಇದ್ದಲ್ಲೆಲ್ಲ ‘50,000’, ‘ಐದು ಸಾವಿರ’ ಇದ್ದಲ್ಲೆಲ್ಲ ‘ಐವತ್ತು ಸಾವಿರ’ ಎಂದು ತುಂಬುವ ಗುಂಡಿಯನ್ನು ಹುಡುಗ ಒತ್ತಿದ. ಎಲ್ಲರೂ ನಾಲ್ಕನೇ ಕಲಂ ನೋಡಿ ಒಟ್ಟಿಗೆ ತಲೆಯಾಡಿಸಿ ರುಜು ಹಾಕಿದರು. 26ನೇ ಸೆಕ್ಷನ್ ಬೇಡುವ ಹೊಂದಾಣಿಕೆ ಕೊನೆಗೂ ಸಾಧ್ಯವಾಯಿತು.

ಒಂಬತ್ತನೇ ಕಲಮ್ಮನ್ನು ಮೇಷ್ಟ್ರು ಓದಿದ್ದು ಮನೆಗೆ ಬಂದ ಮೇಲೆ: ‘ಎರಡನೇ ಪಾರ್ಟಿಯವರು ಮನೆ ಖಾಲಿ ಮಾಡುವಾಗ ಸುಣ್ಣ ಬಣ್ಣದ ಬಾಬ್ತು ರೂ. 50,000 (ಐವತ್ತು ಸಾವಿರ ರೂಪಾಯಿಗಳು ಮಾತ್ರ) ಅಡ್ವಾನ್ಸಿನಲ್ಲಿ ಮುರಿದುಕೊಳ್ಳತಕ್ಕದ್ದು.’

ಕಾಗದ ಹಿಡಿದುಕೊಂಡು ಅವರು ಓನರ್ ಮನೆಯ ಮೆಟ್ಟಿಲು ಹತ್ತಿದರು. ಓನರು ಕನ್ನಡಕ ಹಾಕಿಕೊಂಡು ನಿಧಾನವಾಗಿ ಎರಡು ಸಲ ಓದಿದರು.

“ಎಷ್ಟು ಸಲ ಅಂತ ತಿದ್ದಿಸೋದು ಮೇಷ್ಟ್ರೇ? ಹನ್ನೊಂದು ತಿಂಗಳು ಕಳೀಲಿ, ಮುಂದಿನ ರಿನ್ಯೂವಲ್ಲಿಗೆ ನೋಡೋಣಂತೆ. ಕಾಫಿ ಕುಡೀತೀರಾ?”